ವಿಡಿಯೋಗೆ ಚಪ್ಪಾಳೆ ಬಿತ್ತು, ಎಣ್ಣೆ ಬಾಟಲಿ ಅಟ್ಟ ಸೇರಿತು

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಸಣ್ಣ ಊರು. ಮಂಗನ ಕಾಯಿಲೆ ಬಗ್ಗೆ ನಮ್ಮ ಮಹಿಳಾ ಸಂಘದವರೇ ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ವಿಡಿಯೋ ಮಾಡಿದೆವು. ಕಾಯಿಲೆ ಅಂಟಿಸುವ ಉಣುಗಿಗೆ (ಉಣ್ಣೆಗೆ) ಯಕ್ಷಗಾನದ ರಾಕ್ಷಸನ ವೇಷ ಹಾಕಿಸಿದ್ದೆವು. ಗ್ರಾಮಸಭೆಯಲ್ಲಿ ಜನ ನಕ್ಕು ಚಪ್ಪಾಳೆ ಹೊಡೆದರು. ಎರಡು ವಾರ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಚ್ಚಿಕೊಂಡರು, ಆಮೇಲೆ ಬಿಟ್ಟರು. ಎಲ್ಲಿ ತಪ್ಪಿದೆವು?

ಉತ್ತರ: ನೀವು ಕಳಿಸಿದ ವಿಡಿಯೋ ನೋಡಿದೆ. ರಾಕ್ಷಸ ಚೆನ್ನಾಗಿದ್ದಾನೆ, ನಾನೂ ನಕ್ಕೆ. ಆದರೆ ಅಷ್ಟು ಹೊತ್ತಿನಲ್ಲಿ ಎಣ್ಣೆ ಹಚ್ಚುವುದು ಬರೀ ಎಂಟು ಸೆಕೆಂಡು. ಅದೂ ಶಾಲೆ ಜಗಲಿಯಲ್ಲಿ, ಇಸ್ತ್ರಿ ಸೀರೆ ಉಟ್ಟವರು. ಕಾಡಿನಲ್ಲಿ ದರಕು (ಒಣಗಿದ ಎಲೆ) ಗುಡಿಸಲು ಯಾರೂ ಹಾಗೆ ಹೊರಡುವುದಿಲ್ಲ ಅಲ್ವಾ?

ಇಂಥದೇ ಎಡವಟ್ಟು ನಾನೂ ಮಾಡಿದ್ದೇನೆ. ಹೊನ್ನಾವರದ ಕಡೆ ಒಂದು ಕೇರಿಯಲ್ಲಿ ಕೈ ತೊಳೆಯುವ ವಿಡಿಯೋ ತೋರಿಸಿದ್ದೆ. ಮುಗಿದ ಮೇಲೆ ಒಬ್ಬ ಅಜ್ಜಿ ಕೇಳಿದರು: "ಅವ್ರ ಮನೇಲಿ ನಲ್ಲಿ ಇದೆ. ನಮ್ದು ಬಾವಿ, ಕೊಡಪಾನ. ಒಂದು ಕೈಲಿ ಕೊಡ ಬಗ್ಗಿಸಿದ್ರೆ ಇನ್ನೊಂದು ಕೈ ತಿಕ್ಕೋದು ಹ್ಯಾಂಗೆ?" ನಾನು ಸುಮ್ಮನೆ ಪ್ರೊಜೆಕ್ಟರಿನ ವೈರು ಸುತ್ತಿದೆ.

ಆದ್ದರಿಂದ ಮೊದಲು ಮೊಬೈಲು ಬದಿಗಿಡಿ. ಬಿಟ್ಟವರ ಮನೆಗೆ ಹೋಗಿ, ಯಾಕೆ ಬಿಟ್ಟಿರಿ ಅಂತ ಸುಮ್ನೆ ಕೇಳಿ. ಸಿದ್ದಾಪುರದ ಕಡೆ ನಾನು ಕೇಳಿದಾಗ ಜಾಸ್ತಿ ಜನ ಕಾಯಿಲೆಯ ಮಾತೇ ಎತ್ತಲಿಲ್ಲ. "ಕೈಯೆಲ್ಲ ಎಣ್ಣೆ, ಕವಳ ಹಾಕೋದು ಹ್ಯಾಂಗೆ?" ಅಂದರು. (ಕವಳ ಅಂದರೆ ಎಲೆಅಡಿಕೆ.) ನಿಮ್ಮ ವಿಡಿಯೋ ಅಲ್ಲಿಂದ ಶುರುವಾಗಬೇಕು.

ಈಗಲೂ ಬಿಡದೆ ಹಚ್ಚಿಕೊಳ್ಳುವವರು ಊರಲ್ಲಿ ಒಬ್ಬರಾದರೂ ಇರುತ್ತಾರೆ. ಸೊಪ್ಪಿನ ಬೆಟ್ಟಕ್ಕೆ ಹೊರಡುವ ಹೊತ್ತಿಗೆ ಅವರ ಕೊಟ್ಟಿಗೆ ಬಾಗಿಲಿಗೇ ಹೋಗಿ. ಬಾಟಲಿ ಎಲ್ಲಿಟ್ಟಿದ್ದಾರೆ? ಕತ್ತಿ ಸಿಕ್ಕಿಸುವ ಜಾಗದ ಪಕ್ಕದಲ್ಲಾ? ಕವಳ ಮೊದಲೋ, ಎಣ್ಣೆ ಮೊದಲೋ? ಪಾದ, ಮೀನಖಂಡ, ಕೈ, ಕುತ್ತಿಗೆಗೆ ತಿಕ್ಕುವುದನ್ನು ಎಲ್ಲೂ ಕತ್ತರಿಸದೆ ಪೂರ್ತಿ ತೆಗೆಯಿರಿ. ಕಾಯಿಲೆ ಹೆಚ್ಚಾಗಿ ಅಂಟಿಸುವುದು ಸಾಸಿವೆ ಕಾಳಿನಷ್ಟು ಚಿಕ್ಕ ಮರಿ ಉಣುಗು. ಅದನ್ನು ದೊಡ್ಡದಾಗಿ ತೋರಿಸಿ. (ಹಿಡಿಯಲು ಕಾಡಿಗೆ ಹೋಗಬೇಡಿ ಮತ್ತೆ! ಆರೋಗ್ಯ ಕೇಂದ್ರದವರ ಹತ್ತಿರ ಫೋಟೋ ಕೇಳಿ.) ಎಂಟು ನಿಮಿಷ ಸಾಕು.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಅನ್ನುವ ಯೋಜನೆ, ರೈತರನ್ನೇ ಇಟ್ಟುಕೊಂಡು ರೈತರಿಗಾಗಿ ವಿಡಿಯೋ ಮಾಡಿತು. ಊರಿನವರೊಬ್ಬರು ಚಿಕ್ಕ ಗುಂಪಿಗೆ ತೋರಿಸುತ್ತಾ, ನಡುನಡುವೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ಆಮೇಲೆ ಯಾರು ಮಾಡಿದರು, ಯಾರು ಬಿಟ್ಟರು ಅಂತ ಬರೆದಿಡುತ್ತಿದ್ದರು. ಗುಟ್ಟು ಇರುವುದು ಅಲ್ಲಿ. ಒಡಿಶಾದ ಕಿಯೋಂಝರ್ ಜಿಲ್ಲೆಯಲ್ಲಿ ಮಹಿಳಾ ಗುಂಪುಗಳಿಗೆ ಇದೇ ರೀತಿ ಕೃಷಿ, ಪೌಷ್ಟಿಕ ಆಹಾರದ ವಿಡಿಯೋ ತೋರಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಕ್ಕಳ ತಟ್ಟೆಗೆ ಬಗೆಬಗೆಯ ಆಹಾರ ಬಂದಿತ್ತು. ತಾಯಂದಿರು ಮಾತ್ರ ಮೈ ತುಂಬಿಕೊಳ್ಳಲಿಲ್ಲ. ವಿಡಿಯೋದಿಂದ ಆಗುವುದು ಇಷ್ಟು, ಆಗದ್ದು ಇಷ್ಟು. ಆರೋಗ್ಯ ಕೇಂದ್ರದಲ್ಲಿ ಎಣ್ಣೆಯೇ ಇಲ್ಲದಿದ್ದರೆ ಎಂಥ ವಿಡಿಯೋ ಮಾಡಿಯೂ ಪ್ರಯೋಜನವಿಲ್ಲ. ಅದನ್ನು ಮೊದಲೇ ವಿಚಾರಿಸಿ.

ಗ್ರಾಮಸಭೆ ಬೇಡ. ಒಂದು ಮನೆ ಜಗಲಿ, ಹದಿನೈದು ಜನ. ಎಣ್ಣೆ ಹಚ್ಚುವ ಕಡೆ ವಿಡಿಯೋ ನಿಲ್ಲಿಸಿ, ಬಾಟಲಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಹತ್ತು ದಿನ ಬಿಟ್ಟು ಆಶಾ ಕಾರ್ಯಕರ್ತೆ ಮನೆಗೆ ಹೋದಾಗ "ಹಚ್ಚಿಕೊಳ್ತೀರಾ?" ಅನ್ನಬಾರದು, ಎಲ್ಲರೂ ಹೂಂ ಅನ್ನುತ್ತಾರೆ. "ಬಾಟಲಿ ತೋರಿಸಿ" ಅನ್ನಲಿ.

ಈ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಈಗಲೂ ಡಿಸೆಂಬರಿನಿಂದ ಮೇವರೆಗೆ ಕಾಡುತ್ತದೆ. ಒಂದೇ ವಿಡಿಯೋ ಅಷ್ಟು ದಿನ ಬಾಳುವುದಿಲ್ಲ. ನವೆಂಬರಿನಲ್ಲಿ ಎಣ್ಣೆಯದು ತೋರಿಸಿ. ಜನವರಿಗೆ ಇನ್ನೊಂದು: ಬೆಟ್ಟದಿಂದ ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ತೊಳೆಯುವುದು. ಅದರಲ್ಲಿ, ನಡುವೆ ಬಿಟ್ಟು ಮತ್ತೆ ಶುರು ಮಾಡಿದವರೇ ಮಾತಾಡಲಿ. ಸತ್ತ ಮಂಗ ಕಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಎರಡರಲ್ಲೂ ಇರಲಿ.

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ಮೀನು ಮಾರುವ ಹೆಂಗಸರ ಜೊತೆ ಡೆಂಗಿ ಬಗ್ಗೆ ವಿಡಿಯೋ ಮಾಡುತ್ತಿದ್ದೇವೆ. ಕನ್ನಡವೋ, ಕೊಂಕಣಿಯೋ?

ಉತ್ತರ: ಅವರು ಯಾವ ಭಾಷೆಯಲ್ಲಿ ಜಗಳ ಆಡುತ್ತಾರೋ ಅದರಲ್ಲಿ. ವಾರಕ್ಕೊಮ್ಮೆ ಡ್ರಮ್ಮಿನ ನೀರು ಚೆಲ್ಲಿ, ಒಳಗೆ ಗಸಗಸ ತಿಕ್ಕುವುದನ್ನು ಅವರ ಹಿತ್ತಲಲ್ಲೇ ತೆಗೆಯಿರಿ. ಸೊಳ್ಳೆ ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿರುತ್ತದೆ. ವಾಟ್ಸಾಪಿಗೆ ಹಾಕುವ ಮುಂಚೆ ವಿಡಿಯೋದಲ್ಲಿರುವವರಿಗೆ ಪೂರ್ತಿ ತೋರಿಸಿ. ಒಬ್ಬರು ಬೇಡ ಅಂದರೂ ಆ ಭಾಗ ತೆಗೆದುಬಿಡಿ.