ಪಕ್ಕದ ಮನೆಯ ನೀರು ಕುಡಿಯುವ ದೇಶ

ತಮ್ಮಾ,

ಸಿಂಗಪುರಕ್ಕೆ ಬಂದು ಮೂರು ವಾರ ಆಯ್ತು ಅಂದೆ. ಹೆಂಡತಿ ಮಗುವನ್ನು ಕರೆಸಿಕೊಳ್ಳುವ ಮುಂಚೆ ನಿನಗೊಂದು ಅನುಮಾನ: "ಅಣ್ಣಾ, ಇಷ್ಟು ಚಿಕ್ಕ ದೇಶ, ಕುಡಿಯೋ ನೀರಿಗೂ ಮಲೇಷ್ಯಾ ಕಡೆ ನೋಡಬೇಕು, ಸಮುದ್ರ ಬೇರೆ ಏರ್ತಿದೆ ಅಂತಾರೆ. ಇಲ್ಲಿ ನೆಮ್ಮದಿಯಾಗಿ ಬೇರು ಬಿಡಬಹುದಾ?" ನಾನು ಇಪ್ಪತ್ತೆರಡು ವರ್ಷದಿಂದ ಇದ್ದೀನಿ, ಅದೇ ಅರ್ಧ ಉತ್ತರ. ಇನ್ನರ್ಧ ಕೇಳು.

ನನ್ನ ಮನೆ ವುಡ್‌ಲ್ಯಾಂಡ್ಸ್‌ನಲ್ಲಿ. ಕಿಟಕಿಯಿಂದ ಜೊಹೊರ್ ಕಾಸ್‌ವೇ, ಅಂದ್ರೆ ಕಡಲು ದಾಟಿ ಮಲೇಷ್ಯಾದ ಜೊಹೊರ್ ರಾಜ್ಯಕ್ಕೆ ಹೋಗೋ ದಾರಿ, ಕಾಣುತ್ತೆ. ನಮ್ಮ ಕಡೆ ಕೆರೆ ಏರಿ ಮೇಲೆ ರಸ್ತೆ ಹೋಗುತ್ತಲ್ಲ, ಹಾಗೆ. ಅದನ್ನು ತೆರೆದದ್ದು 1924ರಲ್ಲಿ. ಮೈಸೂರು-ಮದ್ರಾಸಿನ ನಡುವೆ ಕಾವೇರಿ ಒಪ್ಪಂದ ಆದದ್ದೂ ಅದೇ ವರ್ಷ. ಮದ್ದೂರಿನವನಾದ ನನಗೆ ಈ ಇಸವಿ ಮರೆಯೋದಿಲ್ಲ. ಏರಿಯ ಪಕ್ಕದಲ್ಲೇ ದಪ್ಪ ದಪ್ಪ ನೀರಿನ ಪೈಪು. 1942ರ ಜನವರಿ ಕೊನೆಯಲ್ಲಿ ಜಪಾನಿನವರನ್ನು ತಡೆಯಲು ಬ್ರಿಟಿಷರೇ ಏರಿ ಒಡೆದಾಗ ಪೈಪೂ ಹೋಯಿತು. ಎರಡು ವಾರಕ್ಕೆ ಸಿಂಗಪುರ ಶರಣಾಯಿತು. ಸೋಲಿಗೆ ನೀರೊಂದೇ ಕಾರಣ ಅಲ್ಲ ಬಿಡು, ಆದರೆ ಆ ದಿಗಿಲು ಇವರಿಗೆ ಇನ್ನೂ ಇಳಿದಿಲ್ಲ.

1962ರ ಒಪ್ಪಂದದಂತೆ ಸಿಂಗಪುರ ಜೊಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರೆತ್ತಬಹುದು. ಸಾವಿರ ಗ್ಯಾಲನ್‌ಗೆ ಮೂರು ಸೆನ್ (ಮಲೇಷ್ಯಾದ ಪೈಸೆ), 2061ರವರೆಗೆ. ಈ ದರ ಯಾವ ಲೆಕ್ಕ ಅಂತ ಮಲೇಷ್ಯಾದವರು ಆಗಾಗ ಎದ್ದು ಕೇಳುತ್ತಾರೆ. 2018ರಲ್ಲಿ ಮಹಾತಿರ್ ಮತ್ತೆ ಪ್ರಧಾನಿಯಾದಾಗಲೂ ಕೇಳಿದರು. ನ್ಯಾಯಕ್ಕೆ ಹೇಳಬೇಕಂದ್ರೆ ಅವರ ಮಾತಿನಲ್ಲೂ ಹುರುಳಿದೆ. ಸಿಂಗಪುರದವರದು ಒಂದೇ ಉತ್ತರ: 1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಆ ಕರಾರನ್ನೂ ಸೇರಿಸಿ ಬರೆದು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿದ್ದೇವೆ, ಕಾಗದ ನೋಡಿ. ಮಾತು ಅಲ್ಲಿಗೇ ನಿಲ್ಲುತ್ತೆ. ಬಸ್ಸಿಗೆ ಕಲ್ಲು ಬೀಳೋದಿಲ್ಲ, ಹೆದ್ದಾರಿ ಬಂದ್ ಆಗೋದಿಲ್ಲ. ಮಳೆ ಕೈಕೊಟ್ಟ ವರ್ಷ ಊರಲ್ಲಿ ಏನಾಗುತ್ತೆ ಅಂತ ನೋಡಿಯೇ ಬೆಳೆದ ನನಗೆ ಮೊದಮೊದಲು ಇದೆಲ್ಲ ಸಪ್ಪೆ ಅನ್ನಿಸಿತ್ತು.

ಆದರೆ ಕಾಗದ ಇದ್ದರೆ ಸಾಲದು, ಮಳೆ ಬರಬೇಕಲ್ಲ. ಜೊಹೊರ್ ನದಿಗೆ ಕಡಲಿನ ಉಪ್ಪು ನುಗ್ಗದಿರಬೇಕಾದರೆ ಮೇಲಿನ ಲಿಂಗ್ಯೂ ಜಲಾಶಯದಿಂದ ಸಿಹಿನೀರು ಬಿಡುತ್ತಿರಬೇಕು. 2016ರ ಅಕ್ಟೋಬರಿನಲ್ಲಿ ಅದು ಶೇ. 20ಕ್ಕೆ ಇಳಿಯಿತು. ಕನ್ನಂಬಾಡಿ ಬಗ್ಗೆ ಅಪ್ಪ ದಿನಾ "ಕಟ್ಟೆ ಎಷ್ಟಡಿ ಐತೆ?" ಅಂತ ಕೇಳುತ್ತಿದ್ದರಲ್ಲ, ನಾನು ಇಲ್ಲಿ ಲಿಂಗ್ಯೂ ಲೆಕ್ಕ ಹುಡುಕಿ ಓದುವಂತಾಯಿತು. ಮರುವರ್ಷ ನೀರಿನ ದರ ಎರಡು ಕಂತಿನಲ್ಲಿ ಶೇ. 30 ಏರಿಸುತ್ತೇವೆ ಅಂದರು, ಏರಿಸಿಯೇಬಿಟ್ಟರು. ಗೊಣಗಿದೆವು, ಕಟ್ಟಿದೆವು.

ಕರಾರು ಮುಗಿಯೋ ದಿನ ಗೊತ್ತಿರೋದರಿಂದ ಇವರು ಕೈಕಟ್ಟಿ ಕೂತಿಲ್ಲ. ಬಳಸಿದ ನೀರನ್ನೇ ಶುದ್ಧ ಮಾಡಿದ ನ್ಯೂವಾಟರ್ 2003ರಲ್ಲಿ ಬಂತು, ಸಮುದ್ರದ ನೀರಿನ ಉಪ್ಪು ತೆಗೆಯೋ ಘಟಕ 2005ರಲ್ಲಿ. 2008ರ ಮರೀನಾ ಬ್ಯಾರೇಜ್ ಒಳಗಿನ ಸಿಹಿನೀರನ್ನು ಹಿಡಿದಿಡುತ್ತೆ, ಹೊರಗಿನ ಕಡಲನ್ನೂ ತಡೆಯುತ್ತೆ. ದೇಶದ ಶೇ. 30ರಷ್ಟು ನೆಲ ಸಮುದ್ರಮಟ್ಟದಿಂದ ಐದು ಮೀಟರ್ ಎತ್ತರವೂ ಇಲ್ಲ. ಕಡಲು ತಡೆಯೋಕೆ ಮುಂದಿನ ನೂರು ವರ್ಷಕ್ಕೆ 10,000 ಕೋಟಿ ಸಿಂಗಪುರ ಡಾಲರ್ ಬೇಕಾಗಬಹುದು ಅಂತ ಆಗಿನ ಪ್ರಧಾನಿ ಲೀ ಸಿಯೆನ್ ಲೂಂಗ್ 2019ರಲ್ಲೇ ಹೇಳಿದ್ದರು. ಐದು ವರ್ಷದ ಚುನಾವಣೆ ನೋಡಿಕೊಂಡು ಯೋಚಿಸುವವರ ಬಾಯಲ್ಲಿ ಬರೋ ಮಾತಲ್ಲ ಅದು. 1959ರಿಂದ ಒಂದೇ ಪಕ್ಷ ಆಳುತ್ತಿದ್ದರೆ ಅಂಥ ಮಾತು ಸಲೀಸು, ಅದೂ ನಿಜ. ಬೀದಿಗಿಳಿದು ಕೂಗುವ ಚಾಳಿ ನಿನಗಿದ್ದರೆ ಅದನ್ನು ದೇವನಹಳ್ಳಿ ಏರ್‌ಪೋರ್ಟಿನಲ್ಲೇ ಬಿಟ್ಟು ಬರಬೇಕಿತ್ತು ಕಣಪ್ಪ. ಇಲ್ಲಿ ಅದಕ್ಕೆ ಅನುಮತಿ ಬೇಕು.

ಎಷ್ಟೇ ಜಾಣ ಆಡಳಿತ ಇದ್ದರೂ ಗಾಳಿಗೆ ಗಡಿ ಹಾಕೋಕಾಗಲ್ಲ. 2013ರ ಜೂನ್ 21ರಂದು ಇಂಡೋನೇಷ್ಯಾದ ಕಾಡುಬೆಂಕಿಯ ಹೊಗೆಯಿಂದ ಮಾಲಿನ್ಯ ಸೂಚ್ಯಂಕ 401 ಮುಟ್ಟಿತು. ಎದುರಿನ ಬ್ಲಾಕೇ ಕಾಣುತ್ತಿರಲಿಲ್ಲ. ಮರುವರ್ಷ ಗಡಿಯಾಚೆಯ ಕಂಪನಿಗೂ ದಂಡ ಹಾಕುವ ಕಾನೂನು ತಂದರು. ಬೆಂಕಿ ಬೀಳೋದು ಮಾತ್ರ ಬೇರೆಯವರ ನೆಲದಲ್ಲಿ. ಮಗುವಿಗೆ ಉಬ್ಬಸ ಇದ್ದರೆ ಆಗಸ್ಟ್-ಅಕ್ಟೋಬರ್ ಹೊತ್ತಿಗೆ ಮಾಸ್ಕು ಮನೆಯಲ್ಲಿರಲಿ.

ಹೆಂಡತಿ ಮಗುವನ್ನು ಕರೆಸಿಕೋ. ಮೊದಲ ತಿಂಗಳ ಬಿಲ್ಲಿನಲ್ಲಿ ನೀರಿನ ದರದ ಜೊತೆಗೆ ಅದರ ಅರ್ಧದಷ್ಟು ನೀರು ಉಳಿತಾಯದ ತೆರಿಗೆ ಅಂತ ಬೇರೆ ಸಾಲು ಇರುತ್ತೆ. ತಪ್ಪಾಗಿ ಬಂದಿದೆ ಅಂತ ನನಗೆ ಫೋನ್ ಮಾಡಬೇಡ, ಸರಿಯಾಗೇ ಬಂದಿರುತ್ತೆ.