ನಗಿಸುವವನ ಗಂಭೀರ ಸಿನಿಮಾ

ಗೋಣಿಕೊಪ್ಪಲಿನ ಓದುಗರೊಬ್ಬರ ಪತ್ರದ ಸಾರ: ಚಿಕ್ಕಂದಿನಲ್ಲಿ ಪೋಗೋ ವಾಹಿನಿಯಲ್ಲಿ, ಜಾವೇದ್ ಜಾಫ್ರಿಯವರ ಹಿಂದಿ ವಿವರಣೆಯೊಡನೆ ಜಪಾನಿನ ಆಟದ ಕಾರ್ಯಕ್ರಮ ‘ಟಕೇಶೀಸ್ ಕ್ಯಾಸಲ್’ ನೋಡಿ ನಕ್ಕಿದ್ದ ಅವರಿಗೆ, ಆ ಕೋಟೆಯ ದೊರೆಯೇ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ‘ಚಿನ್ನದ ಸಿಂಹ’ ಗೆದ್ದ ನಿರ್ದೇಶಕರೆಂದು ಈಚೆಗೆ ತಿಳಿಯಿತಂತೆ. ದಸರಾ ವೇದಿಕೆಯಲ್ಲಿ ಪ್ರಹಸನ ಆಡುವ ತಾವು ಗಂಭೀರ ಕಿರುಚಿತ್ರ ಮಾಡಬೇಕಾದರೆ ನಗಿಸುವುದನ್ನು ಬಿಡಬೇಕೇ ಎಂಬುದು ಅವರ ಪ್ರಶ್ನೆ; ನಗಿಸುವವನನ್ನು ಗಂಭೀರ ಪಾತ್ರದಲ್ಲಿ ಜನ ನಂಬುತ್ತಾರೆಯೇ ಎಂಬುದು ಅವರ ಅಳುಕು.

ಮಾನ್ಯರೇ,

ಆ ದೊರೆ, ಟಕೇಶಿ ಕಿಟಾನೊ, ನಗಿಸುವುದನ್ನು ಬಿಡಲಿಲ್ಲ. ಟೋಕಿಯೋದ ಅಸಾಕುಸಾದಲ್ಲಿ ಪ್ರದರ್ಶನ ಮಂದಿರವೊಂದರ ಲಿಫ್ಟ್ ನಡೆಸುತ್ತ ಹಾಸ್ಯ ಕಲಿತ ಅವರು, ಒಬ್ಬ ಅಸಂಬದ್ಧವಾಗಿ ಮಾತನಾಡಿ ಇನ್ನೊಬ್ಬ ತಿದ್ದುವ ‘ಮಂಜಾಯ್’ ಪ್ರಕಾರದಲ್ಲಿ, ‘ಟೂ ಬೀಟ್’ ಜೋಡಿಯ ಒಬ್ಬರಾಗಿ ಹೆಸರು ಮಾಡಿದರು. ಜನ ನಂಬುತ್ತಾರೆಯೇ ಎಂದು ತಾವು ಬರೆದ ಅಳುಕನ್ನು ಅವರೂ ಉಂಡಿದ್ದಾರೆ. 1983ರಲ್ಲಿ ನಗಿಸಾ ಒಶಿಮಾರ ಯುದ್ಧಕೈದಿಗಳ ಚಿತ್ರದಲ್ಲಿ ಕ್ರೂರಿ ಸಾರ್ಜೆಂಟನಾಗಿ ಅವರು ತೆರೆಗೆ ಬಂದೊಡನೆ ಪ್ರೇಕ್ಷಕರು ಗೊಳ್ಳೆಂದು ನಕ್ಕರು. ಚಿತ್ರಮಂದಿರದಲ್ಲೇ ಕುಳಿತು ಅದನ್ನು ಕೇಳಿಸಿಕೊಂಡ ಕಿಟಾನೊ, ಅಲ್ಲಿಂದ ಮುಂದೆ ಹಟಕ್ಕೆ ಬಿದ್ದವರಂತೆ ಕರಾಳ ಪಾತ್ರಗಳನ್ನೇ ಆರಿಸಿಕೊಂಡರು. 1989ರಲ್ಲಿ ಹಿರಿಯ ನಿರ್ದೇಶಕ ಕಿಂಜಿ ಫುಕಸಾಕು ಹಿಂದೆ ಸರಿದ ಚಿತ್ರವೊಂದನ್ನು ನಾಯಕನಟರಾಗಿದ್ದ ಇವರೇ ನಿರ್ದೇಶಿಸಬೇಕಾಯಿತು. ನಿರ್ದೇಶನಕ್ಕೆ ಬಂದದ್ದು ಹಾಗೆ.

ತಾವು ಮೊದಲು ನೋಡಬೇಕಾದದ್ದು 1993ರ ‘ಸೊನಟೀನ್’. ಅದರಲ್ಲಿ ಓಕಿನಾವಾದ ಕಡಲತೀರದಲ್ಲಿ ತಲೆಮರೆಸಿಕೊಂಡ ಪಾತಕಿಗಳು ಹೊತ್ತು ಹೋಗದೆ ಮಕ್ಕಳಾಟಕ್ಕಿಳಿಯುತ್ತಾರೆ; ನಾಯಕ ಮರಳಿನಲ್ಲಿ ಗುಂಡಿ ತೋಡಿ, ಮೇಲೆ ಮುಚ್ಚಿ, ತನ್ನವರನ್ನೇ ಕರೆದು ಬೀಳಿಸುತ್ತಾನೆ. ಅಪ್ಪಟ ಪ್ರಹಸನದ ಕುಚೇಷ್ಟೆ! ಅದೇ ತೀರಕ್ಕೆ ಬೆಸ್ತನ ವೇಷದ ಹಂತಕ ಬಂದು ಸದ್ದಿಲ್ಲದೆ ಗುಂಡು ಹಾರಿಸಿದಾಗ ನಮಗೆ ಬೆಚ್ಚಲೂ ಬಿಡುವಿರುವುದಿಲ್ಲ. ನಗೆಮಾತಿಗೆ ಮುನ್ನ ಎಷ್ಟು ಹೊತ್ತು ಸುಮ್ಮನಿರಬೇಕೆಂದು ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಲೆಕ್ಕಾಚಾರವದು ಎಂದು ನನಗೆ ತೋರುತ್ತದೆ. ತಮ್ಮ ಚಿತ್ರಗಳ ಸಂಕಲನವನ್ನು ಅವರು ತಾವೇ ಮಾಡುವುದೂ ಸುಮ್ಮನಲ್ಲ.

1994ರ ಬೈಕ್ ಅಪಘಾತದಿಂದ ಮುಖದ ಒಂದು ಭಾಗ ಸ್ವಾಧೀನ ತಪ್ಪಿತು. ಚೇತರಿಸಿಕೊಳ್ಳುತ್ತ ಬಿಡಿಸಿದ ವರ್ಣಚಿತ್ರಗಳನ್ನು ಅವರು 1997ರ ‘ಹನಾ-ಬಿ’ಯಲ್ಲಿ ಬಳಸಿದರು, ಚಿನ್ನದ ಸಿಂಹ ಬಂದದ್ದು ಅದಕ್ಕೇ. ಇಷ್ಟಾದರೂ ಟಿವಿ ಹಾಸ್ಯ ನಿಲ್ಲಲಿಲ್ಲ. ನಟನಾಗಿ ‘ಬೀಟ್ ಟಕೇಶಿ’, ನಿರ್ದೇಶಕನಾಗಿ ‘ಟಕೇಶಿ ಕಿಟಾನೊ’ ಎಂದು ಎರಡು ಹೆಸರು ಹಾಕಿಕೊಳ್ಳುವ ಅವರು ಎರಡನ್ನೂ ಒಟ್ಟಿಗೆ ನಡೆಸಿದ್ದಾರೆ.

ಆದ್ದರಿಂದ ಪ್ರಹಸನವನ್ನು ಬಿಡಬೇಡಿ. ವೇದಿಕೆಯಲ್ಲಿ ಜೊತೆಗಿರುವ ಗೆಳೆಯರನ್ನೇ ಕಿರುಚಿತ್ರಕ್ಕೂ ಹಾಕಿಕೊಳ್ಳಿ, ಸಂಕಲನವನ್ನು ಮಾತ್ರ ಬೇರೆಯವರಿಗೆ ಒಪ್ಪಿಸದೆ ತಾವೇ ಕುಳಿತು ಮಾಡಿ.

— ಸಂಪಾದಕ