ಜ್ಞಾನಸ್ನಾನದ ತಾರೀಕು ಹುಟ್ಟಿದ ತಾರೀಕಲ್ಲ

ಪ್ರಶ್ನೆ: ನಮ್ಮ ಮುತ್ತಜ್ಜನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ದಾಖಲೆ ಚರ್ಚಿನ ಹಳೇ ಪುಸ್ತಕದಲ್ಲಿ ಸಿಕ್ಕಿತು. ಲ್ಯಾಟಿನ್‌ನಲ್ಲಿದೆ. ‘12 7ಬ್ರಿಸ್ 1893’ ಎಂದಿರುವುದನ್ನು ಜುಲೈ 12 ಎಂದು ಓದಿ, ಹುಟ್ಟಿದ ದಿನವೆಂದೇ ವಂಶವೃಕ್ಷದಲ್ಲಿ ಬರೆದೆವು. ಮನೆಯ ಹಿರಿಯರು ಮಾತ್ರ ಅವರು ಮೊಂತಿ ಫೆಸ್ತ್ (ಸೆಪ್ಟೆಂಬರ್ 8ರ ಮೇರಿ ಮಾತೆಯ ಹುಟ್ಟುಹಬ್ಬ) ಸಮಯದಲ್ಲಿ ಹುಟ್ಟಿದ್ದು ಎನ್ನುತ್ತಾರೆ. ಹೆಸರೂ ‘ಯೊವಾನ್ನೆಸ್’ ಎಂದಿದೆ, ಮನೆಯಲ್ಲಿ ಕರೆಯುತ್ತಿದ್ದುದು ಜುವಾಂವ್.
— ಓದುಗರು, ಕಲ್ಯಾಣಪುರ

ಉತ್ತರ: ಹಿರಿಯರ ನೆನಪೇ ಸರಿ. 7ಬ್ರಿಸ್ ಎಂದರೆ ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ತೆಮ್’ ಎಂದರೆ ಏಳು, ಪಾದ್ರಿಗಳು ತಿಂಗಳ ಹೆಸರನ್ನು ಹೀಗೆ ಚುಟುಕಾಗಿ ಬರೆಯುತ್ತಿದ್ದರು. 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಡಿಸೆಂಬರ್. ಇದೇ ತಪ್ಪು ಎಷ್ಟೋ ಮನೆಗಳ ವಂಶವೃಕ್ಷದಲ್ಲಿದೆ.

ಆದರೆ ಸೆಪ್ಟೆಂಬರ್ 12 ಕೂಡ ಜ್ಞಾನಸ್ನಾನದ ದಿನವೇ. ಹುಟ್ಟಿದ ದಿನ ಬೇಕಾದರೆ ಅದೇ ಸಾಲಿನಲ್ಲಿ ‘ನಾತುಸ್’ (ಹೆಣ್ಣಾದರೆ ‘ನಾತಾ’) ಎಂಬ ಪದ ಹುಡುಕಿ. ಅದರ ಜೊತೆ ‘ಹೆರಿ’ ಇದ್ದರೆ ಹಿಂದಿನ ದಿನ, ‘ಹೊದಿಯೆ’ ಇದ್ದರೆ ಅದೇ ದಿನ. ‘ಹುಯುಸ್’ ಎಂದರೆ ಈ ತಿಂಗಳು, ‘ಎಲಾಪ್ಸಿ’ ಎಂದರೆ ಕಳೆದ ತಿಂಗಳು. ತಿಂಗಳ ಮೊದಲ ವಾರದ ದಾಖಲೆಗಳಲ್ಲಿ ಈ ಕೊನೆಯ ಪದ ಕಣ್ತಪ್ಪಿದರೆ ಒಂದು ತಿಂಗಳೇ ಹೆಚ್ಚುಕಮ್ಮಿ. ‘ನಾತುಸ್’ ಇಲ್ಲವೇ ಇಲ್ಲವೆಂದರೆ ಹುಟ್ಟಿದ ದಿನವನ್ನು ಊಹಿಸಿ ತುಂಬಬೇಡಿ, ‘12 ಸೆಪ್ಟೆಂಬರ್ 1893ರ ಒಳಗೆ’ ಎಂದಷ್ಟೇ ಬರೆಯಿರಿ. ಮಗುವಿನ ಜೀವಕ್ಕೆ ಅಪಾಯವಿದ್ದಾಗ ಮನೆಯಲ್ಲೇ, ಎಷ್ಟೋ ಸಲ ಸೂಲಗಿತ್ತಿಯೇ ನೀರು ಹಾಕಿ, ಉಳಿದ ವಿಧಿಯನ್ನು ಆಮೇಲೆ ಚರ್ಚಿನಲ್ಲಿ ಮುಗಿಸಿದ್ದೂ ಉಂಟು. ಅಂಥ ಕಡೆ ಎರಡು ತಾರೀಕು ಕಂಡರೆ ಎರಡನ್ನೂ ಬರೆದುಕೊಳ್ಳಿ.

ಯೊವಾನ್ನೆಸ್, ಜುವಾಂವ್, ಜಾನ್ ಮೂರೂ ಒಂದೇ ಹೆಸರು. ಪುಸ್ತಕದಲ್ಲಿದ್ದ ರೂಪವನ್ನು ಅಕ್ಷರವೂ ಬದಲಿಸದೆ ಒಂದು ಕಡೆ ಬರೆಯಿರಿ, ನಿಮ್ಮ ಅರ್ಥವನ್ನು ಇನ್ನೊಂದು ಕಡೆ. ಒಂದೇ ಚರ್ಚಿನಲ್ಲಿ ಒಂದೇ ವರ್ಷ ಇಬ್ಬರು ಜುವಾಂವ್ ಡಿಸೋಜ ಸಿಗುವುದು ನಮ್ಮ ಕಡೆ ಏನೇನೂ ವಿಶೇಷವಲ್ಲ. ಆಗ ಯಾರು ನಿಮ್ಮವರೆಂದು ಹೇಳುವುದು ತಾಯಿಯ ಹೆಸರು, ವಾಸದ ಜಾಗ, ಪದ್ರಿನ್-ಮಾದ್ರಿನ್ (ಜ್ಞಾನಸ್ನಾನದಲ್ಲಿ ಮಗುವಿನ ಧರ್ಮಪಿತ-ಧರ್ಮಮಾತೆಯಾಗಿ ನಿಂತವರು) ಹೆಸರು. ಇವರು ಹೆಚ್ಚಾಗಿ ಹತ್ತಿರದ ನೆಂಟರೇ ಆಗಿರುವುದರಿಂದ ಮುಂದಿನ ಹುಡುಕಾಟದ ದಾರಿಯೂ ಅಲ್ಲೇ ಇದೆ.

ಪುಟದ ಅಂಚನ್ನು ಖಂಡಿತ ನೋಡಿ. 1908ರ ಈಸ್ಟರ್‌ನಿಂದ ಜಾರಿಗೆ ಬಂದ ನಿಯಮದಂತೆ ಕಥೋಲಿಕರ ಮದುವೆಯ ವಿವರವನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಗುರುತಿಸಬೇಕು. 1893ರಲ್ಲಿ ಹುಟ್ಟಿದವರ ಮದುವೆ ಎಲ್ಲಿ ಆಯಿತೆಂಬುದು ಅಲ್ಲಿಂದಲೇ ತಿಳಿಯಬಹುದು. ಕಚೇರಿಯಿಂದ ಕೊಡುವ ಸರ್ಟಿಫಿಕೇಟಿನಲ್ಲಿ ಈ ಅಂಚಿನ ಬರಹ ಬಿಟ್ಟುಹೋಗಬಹುದು. ಆದ್ದರಿಂದ ವಿಗಾರರ (ಚರ್ಚಿನ ಮುಖ್ಯ ಪಾದ್ರಿ) ಅನುಮತಿ ಕೇಳಿ ಮೂಲ ಪುಟವನ್ನೇ ನೋಡಿ. ಚರ್ಚು, ಪುಸ್ತಕದ ಸಂಖ್ಯೆ, ಪುಟ, ಕ್ರಮಸಂಖ್ಯೆ, ನೀವು ನೋಡಿದ ದಿನ, ಈ ಐದನ್ನೂ ಅಲ್ಲೇ ಕುಳಿತು ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನಮ್ಮದು ಬಾಸೆಲ್ ಮಿಷನ್ (ಪ್ರೊಟೆಸ್ಟೆಂಟ್ ಮಿಷನ್) ಕುಟುಂಬ. ವಂಶವೃಕ್ಷದ ಸಾಫ್ಟ್‌ವೇರ್ ‘ಬ್ಯಾಪ್ಟಿಸಮ್’, ‘ಕ್ರಿಸನಿಂಗ್’ ಎಂದು ಎರಡು ಆಯ್ಕೆ ಕೊಡುತ್ತದೆ. ಯಾವುದು?
— ಓದುಗರು, ಬಲ್ಮಠ

ಉತ್ತರ: ಬ್ಯಾಪ್ಟಿಸಮ್. ಅದು ಯಾವ ವಯಸ್ಸಿನವರಿಗೂ ಹೊಂದುತ್ತದೆ. ಕ್ರಿಸನಿಂಗ್ ಇರುವುದು ಮಗುವಿನ ದೀಕ್ಷಾಸ್ನಾನ (ಜ್ಞಾನಸ್ನಾನಕ್ಕೇ ಇನ್ನೊಂದು ಹೆಸರು), ನಾಮಕರಣಕ್ಕೆ. ಎರಡನ್ನೂ ಬೆರೆಸಿದರೆ ಆಮೇಲೆ ಹುಡುಕುವಾಗ ಅರ್ಧ ಮಂದಿ ಸಿಗುವುದಿಲ್ಲ. 1834ರಲ್ಲಿ ಮಿಷನ್ ಮಂಗಳೂರಿಗೆ ಬಂದ ಮೇಲೆ ದೊಡ್ಡವರಾಗಿ ದೀಕ್ಷಾಸ್ನಾನ ಪಡೆದವರು ನಿಮ್ಮ ಮೊದಲ ತಲೆಮಾರಿನಲ್ಲಿ ಇರಬಹುದು. ಅಂಥವರ ಹಿಂದಿನ ಹೆಸರು ದಾಖಲೆಯಲ್ಲಿದ್ದರೆ ಅದನ್ನು ಅಡ್ಡಹೆಸರೆಂದು ಹಾಕದೆ, ಹುಟ್ಟುಹೆಸರೆಂದೇ ಬರೆಯಿರಿ. ಅದಕ್ಕಿಂತ ಹಿಂದಕ್ಕೆ ಹೋಗಲು ಆ ಹೆಸರೇ ಬೇಕು.